ತಿಬುರ್ಸಿಯೊ ಹಾಕಿದ ಗಂಟು

ಸೋಮವಾರದ ಸಾರು ತಳ ಹಿಡಿದಿತ್ತು. ಸಾಂತಾ ರೂಫಿನಾದಲ್ಲಿ ಸೋಮವಾರ ಎಂದರೆ ಹಂದಿಮಾಂಸ ಹಾಕಿದ ಕರಿಕಾಳಿನ ಸಾರು, ಅದರಲ್ಲಿ ಎರಡನೆಯ ಮಾತಿಲ್ಲ. ಲಿಹಿಯಾ ಬೆಳಿಗ್ಗೆ ಐದಕ್ಕೇ ಎದ್ದು ಕಾಳನ್ನು ಒಲೆಗಿಟ್ಟು, ಉರಿ ಸಣ್ಣಗೆ ಮಾಡಿ, "ಅತ್ತೆ, ಆಗಾಗ ಒಂಚೂರು ಕೈಯಾಡಿಸ್ತಿರಿ" ಎಂದು ಹೇಳಿ ಕೆಸರಿಗೆ ಹೋಗಿದ್ದಳು. ಮಧ್ಯಾಹ್ನ ಒಂದಕ್ಕೆ ಸೊಂಟದವರೆಗೆ ಕೆಸರು ಮೆತ್ತಿಕೊಂಡು ಬಂದರೆ ಅಂಗಳದ ತುಂಬ ಸೀದ ವಾಸನೆ. ಅತ್ತೆ ಕ್ರಿಸ್ಪಿನಾ ಬಾಗಿಲ ಬಳಿ ನೂಲಿನ ಜೋಲಿಯಲ್ಲಿ ಕೂತು ರಟ್ಟಿನ ಚೂರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

"ಕೈಯಾಡಿಸ್ಲಿಲ್ವಾ ಅತ್ತೆ?"

"ಆಡಿಸಿದೆ. ಎರಡು ಸಲ ಆಡಿಸಿದೆ. ಮೂರನೇ ಸಲ, ಇದು ನನ್ನ ಕೆಲಸ ಅಲ್ಲ ಅನ್ನಿಸ್ತು."

"ಹೇಳಿದ್ರೆ ನೆಲ್ಮಿ ಆಡಿಸ್ತಿದ್ಲು."

"ನೆಲ್ಮಿಗೆ ಫೋನು ಆಡ್ಸೋದು ಬಿಟ್ಟು ಬೇರೇನ್ ಬರುತ್ತೆ? ನೋಡಮ್ಮ, ಸೊಸೆ ಅಂತ ಈ ಮನೆಗೆ ನಿನ್ನ ಕರ್ಕೊಂಡು ಬಂದಿದ್ದು ಒಲೆ ಮುಂದೆ ಇರ್ಲಿ ಅಂತ. ಏಡಿಗಳ ಜೊತೆ ಸಂಸಾರ ಮಾಡ್ಲಿ ಅಂತ ಅಲ್ಲ."

ಮರುಮಾತಾಡುವುದಕ್ಕೂ ಮೈಯಲ್ಲಿ ತ್ರಾಣ ಬೇಕು. ಲಿಹಿಯಾ ಬಾವಿಕಟ್ಟೆಯಲ್ಲಿ ಕಾಲು ತೊಳೆದುಕೊಂಡು, ಸೀದ ಭಾಗವನ್ನು ಕೆಳಗೇ ಬಿಟ್ಟು ಮೇಲಿನದನ್ನು ಬೇರೆ ಪಾತ್ರೆಗೆ ಬಸಿದಳು. ಸಂಜೆ ಗಂಡ ಎವೆಲಿಯೊ ಸಮುದ್ರದಿಂದ ಬಂದು ಉಂಡ. ಆಗಸ್ಟು, ಆಕ್ಟೋಪಸ್ ಹಿಡಿಯುವ ಕಾಲ. ಬಿಸಿಲಿಗೆ ಅವನ ಕಣ್ಣು ಕೆಂಡವಾಗಿದ್ದವು. ನಾಲ್ಕು ತುತ್ತಾದ ಮೇಲೆ ಕೇಳಿದ.

"ಇದೇನು, ಮನೆಗೆ ಬೆಂಕಿ ಬಿದ್ದಿತ್ತಾ?"

"ಬೀಳೋದೊಂದು ಬಾಕಿ," ಎಂದಳು ಅವನ ತಾಯಿ.

ಹದಿನೇಳರ ಮಗಳು ನೆಲ್ಮಿ ಕಿಸಕ್ಕನೆ ನಕ್ಕಳು. ಬೇರೆ ಯಾರೂ ನಗಲಿಲ್ಲ.

ಲಿಹಿಯಾ ಹೋಗುತ್ತಿದ್ದದ್ದು ಊರ ಹಿಂದಿನ ಹಿನ್ನೀರಿಗೆ. ಒಂದು ಕಾಲಕ್ಕೆ ಅಲ್ಲಿ ಕಾಂಡ್ಲಾ ಮರಗಳು ಉಪ್ಪುನೀರಿಗೆ ಬೇರಿಳಿಸಿ ಕತ್ತಲೆ ಕವಿಯುವಂತೆ ಬೆಳೆದಿದ್ದವು. ಕರಾವಳಿಯ ರಸ್ತೆಯನ್ನು ಎತ್ತರಿಸಿದಾಗ ನೀರು ಆಚೀಚೆ ಓಡಾಡುವುದು ನಿಂತಿತು, ಒಳಗೆ ಉಪ್ಪು ಕಟ್ಟಿತು, ಮರಗಳು ನಿಂತಲ್ಲೇ ಸತ್ತವು. ಏಳು ವರ್ಷದಿಂದ ಊರಿನ ಹನ್ನೆರಡು ಹೆಂಗಸರು ಸೇರಿ, ಗುದ್ದಲಿ ಬುಟ್ಟಿ ಹಿಡಿದು, ಆ ಸತ್ತ ನೆಲಕ್ಕೆ ಕಾಲುವೆ ತೋಡಿ ನೀರು ತರುತ್ತಿದ್ದರು; ಕೆಸರನ್ನು ದಿಬ್ಬ ಮಾಡಿ ಸಸಿ ನೆಡುತ್ತಿದ್ದರು. ಈ ಕೆಲಸಕ್ಕೆ ಯೋಜನೆಯೊಂದರಿಂದ ಬರುತ್ತಿದ್ದ ಕೂಲಿ ಜೂನ್‌ನಲ್ಲಿ ನಿಂತಿತ್ತು. ಮುಂದಿನ ಕಂತಿನ ಕಾಗದ ಯಾವುದೋ ಮೇಜಿನ ಮೇಲೆ ಮಲಗಿದೆ ಎನ್ನುತ್ತಿದ್ದರು. ಹನ್ನೆರಡರಲ್ಲಿ ಆರು ಜನ ಮನೆಯಲ್ಲೇ ಉಳಿದರು. ಕಾಲುವೆಗೆ ಕಾಗದದ ವಿಷಯ ಗೊತ್ತಿಲ್ಲವಲ್ಲ, ಎರಡು ವಾರ ಬಿಟ್ಟರೆ ಹೂಳು ತುಂಬಿಬಿಡುತ್ತದೆ. ಉಳಿದ ಆರು ಜನ ಹೋಗುತ್ತಲೇ ಇದ್ದರು.

"ಕೂಲಿ ಇಲ್ಲದ ಕೂಲಿಗೆ ಹೋಗೋರು ಈ ಕರಾವಳೀಲೇ ನೀವಾರು ಜನ," ಎಂದ ಎವೆಲಿಯೊ ಕೈ ತೊಳೆಯುತ್ತ.

"ಬಿಟ್ರೆ ಏಳು ವರ್ಷದ್ದು ಹೋಗುತ್ತೆ."

"ಹೋಗ್ಲಿ. ನಿನ್ನ ಸೊಂಟ ಉಳಿಯುತ್ತೆ."

ಅವನು ಹೇಳಿದ್ದು ಸುಳ್ಳಲ್ಲ. ರಾತ್ರಿ ಮಗ್ಗುಲು ಬದಲಿಸುವಾಗೆಲ್ಲ ಅವಳ ಬಾಯಿಂದ ತಾನಾಗಿ ನರಳಿಕೆ ಬರುತ್ತಿತ್ತು.

ಮುದುಕಿಗೆ ಆ ಹಿನ್ನೀರನ್ನು ಕಂಡರೆ ಆಗುತ್ತಿರಲಿಲ್ಲ. ಕಾರಣ ಊರಿಗೆಲ್ಲ ಗೊತ್ತಿತ್ತು, ಏಕೆಂದರೆ ಊರಿಗೆಲ್ಲ ಹೇಳಿದವಳು ಅವಳೇ. ಹದಿನೆಂಟು ವರ್ಷದ ಹಿಂದೆ ದೊಡ್ಡ ಬಿರುಗಾಳಿ ಬರುತ್ತದೆಂದು ಸುದ್ದಿಯಾದಾಗ, ಅವಳ ಗಂಡ ತಿಬುರ್ಸಿಯೊ ದೋಣಿಯನ್ನು ಹಿನ್ನೀರಿನೊಳಗೆ ಒಯ್ದು ಕಾಂಡ್ಲಾ ಮರಕ್ಕೆ ಕಟ್ಟಿದ್ದ. ಅವನಪ್ಪನೂ ಹಾಗೇ ಮಾಡುತ್ತಿದ್ದ, ಅಜ್ಜನೂ ಹಾಗೇ. ಗಾಳಿ ಬಂದು ಹೋದ ಮೇಲೆ ನೋಡಿದರೆ ದೋಣಿಯ ಒಂದು ಹಲಗೆಯೂ ಸಿಗಲಿಲ್ಲ. ಆ ನೀಲಿ ದೋಣಿಗೆ 'ಕ್ರಿಸ್ಪಿನಾ' ಎಂದೇ ಹೆಸರಿಟ್ಟಿದ್ದ.

"ಕುಡಿದಿದ್ದ," ಎನ್ನುವಳು ಮುದುಕಿ, ರೊಟ್ಟಿ ತಟ್ಟುತ್ತ, ಬಟ್ಟೆ ಮಡಿಸುತ್ತ, ಯಾರು ಕೇಳಲಿ ಬಿಡಲಿ. "ಬೆಳಿಗ್ಗೆಯಿಂದ ಸಾರಾಯಿ. ನನ್ನ ಮೂರು ಚಕ್ರದ ಸೈಕಲ್ಲಿನ ಟ್ಯೂಬು ಕೂಡ ಕೊಯ್ದು ತಗೊಂಡು ಹೋದ. ಆ ಸೈಕಲ್ಲಲ್ಲಿ ನಾನು ಬ್ರೆಡ್ಡು ಮಾರ್ತಿದ್ದೆ. ಯಾಕಯ್ಯಾ ಅಂದ್ರೆ ಹಗ್ಗಕ್ಕೆ ಸುತ್ತೋಕೆ ಅಂದ. ಹಗ್ಗಕ್ಕಂತೆ. ಯಾರಿಗೋ ಮಾರಿ ಇನ್ನೊಂದು ಗುಟುಕು ಹಾಕಿರ್ತಾನೆ. ಕುಡಿದ ಕೈಯಲ್ಲಿ ಹಾಕಿದ ಗಂಟು, ಬಿಚ್ಕೊಂಡಿತು. ಅಷ್ಟೇ ಕಥೆ."

ಊರವರೂ ಅದನ್ನೇ ನಂಬಿದರು. ದಡದಲ್ಲಿ ಯಾರಾದರೂ ಸಡಿಲವಾಗಿ ಗಂಟು ಹಾಕಿದರೆ "ತಿಬುರ್ಸಿಯೊ ಗಂಟು" ಎಂದು ನಗುವುದು ರೂಢಿಯಾಯಿತು. ಅವನು ಮೊದಮೊದಲು "ನಾನು ಸರಿಯಾಗೇ ಕಟ್ಟಿದ್ದೆ" ಎನ್ನುತ್ತಿದ್ದ. ಆಮೇಲೆ ಅನ್ನುವುದನ್ನೂ ಬಿಟ್ಟ. ಬೇರೆಯವರ ದೋಣಿಯಲ್ಲಿ ಕೂಲಿಗೆ ಹೋಗಿ, ನಾಲ್ಕು ವರ್ಷಕ್ಕೆ ಸತ್ತ. ಆದ್ದರಿಂದಲೇ ಎವೆಲಿಯೊ ತನ್ನ ದೋಣಿಗೆ ಎಲ್ಲಿ ಹಗ್ಗ ಕಟ್ಟಿದರೂ ಎರಡೆರಡು ಗಂಟು ಹಾಕುತ್ತಿದ್ದ, ಮತ್ತೆ ಹಿಂದಿರುಗಿ ಬಂದು ಎಳೆದು ನೋಡುತ್ತಿದ್ದ.

ಸತ್ತವರ ಹಬ್ಬಕ್ಕೆ ಮನೆಯಲ್ಲಿ ಪೀಠ ಕಟ್ಟಿ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸುತ್ತಾರಲ್ಲ, ತಿಬುರ್ಸಿಯೊಗೂ ಕಡುಬು, ಕಿತ್ತಳೆ, ಬಿಸಿ ಚಾಕೊಲೇಟು ಎಲ್ಲ ಇರುತ್ತಿತ್ತು. ಒಂದು ಲೋಟ ಸಾರಾಯಿ ಮಾತ್ರ ಇರುತ್ತಿರಲಿಲ್ಲ. ಪ್ರತಿ ವರ್ಷ ಮಗ ಕೇಳುವನು, ಪ್ರತಿ ವರ್ಷ ತಾಯಿ ಒಂದೇ ಮಾತು ಹೇಳುವಳು: "ಬದುಕಿದ್ದಾಗ ಕುಡಿದದ್ದು ಸಾಕು."

ಸೆಪ್ಟೆಂಬರಿನಲ್ಲಿ ಮನೆಯ ಜಗಳ ಬಟ್ಟೆ ಒಗೆಯುವ ತೊಟ್ಟಿಗೆ ಬಂತು.

"ಆ ಕೆಸರು ಬಟ್ಟೆ ನಮ್ಮ ಬಟ್ಟೆ ಜೊತೆ ಹಾಕ್ಬೇಡ. ನನ್ನ ಲಂಗಕ್ಕೆಲ್ಲ ಕೊಳೆತ ಮೊಟ್ಟೆ ನಾತ."

"ಬೇರೆ ತೊಟ್ಟಿ ಎಲ್ಲಿದೆ ಅತ್ತೆ?"

"ಅಲ್ಲೇ ಒಗ್ಕೋ. ಏಳು ವರ್ಷದಿಂದ ಕಾಲುವೆ ತೋಡಿದ್ದೀರಲ್ಲ, ನೀರಿಗೇನು ಬರ?"

"ಅಜ್ಜಿ, ಉಪ್ಪುನೀರಲ್ಲಿ ಸೋಪು ನೊರೆ ಬರಲ್ಲ," ಎಂದಳು ನೆಲ್ಮಿ.

"ನೀನು ಸುಮ್ನಿರೆ. ನಿನಗೂ ಅದೇ ನಾತ ಶುರುವಾಗಿದೆ."

ಅದೂ ನಿಜವೇ. ಆಕ್ಟೋಪಸ್‌ಗೆ ಏಡಿಯೇ ಗಾಳದ ಆಹಾರ. ಹೋದ ವರ್ಷದವರೆಗೆ ಎವೆಲಿಯೊ ಪಕ್ಕದೂರಿನಿಂದ ಏಡಿ ಕೊಂಡು ತರುತ್ತಿದ್ದ. ಈ ವರ್ಷ ಕಾಲುವೆಯ ಅಂಚಿನ ಎಳೆಯ ಬೇರುಗಳ ನಡುವೆ ಏಡಿಗಳು ಹಿಂಡುಹಿಂಡಾಗಿ ಬಂದಿದ್ದವು. ನೆಲ್ಮಿ ಬೆಳಿಗ್ಗೆ ಬಕೆಟ್ಟು ಹಿಡಿದು ಹೋಗಿ ಗಂಡು ಏಡಿಗಳನ್ನಷ್ಟೇ ಆರಿಸಿಕೊಂಡು ಬರುತ್ತಿದ್ದಳು. ಏಡಿಯ ಹಿಂದೆ ಮರಿಮೀನು, ಮರಿಮೀನಿನ ಹಿಂದೆ ಬೆಳ್ಳಕ್ಕಿ, ಎಲ್ಲ ಒಂದೊಂದಾಗಿ ಕಾಣಿಸಿಕೊಳ್ಳುತ್ತಿದ್ದವು. ಎವೆಲಿಯೊ ಆ ಬಕೆಟ್ಟನ್ನು ದಿನಾ ತೆಗೆದುಕೊಂಡು ಹೋಗುತ್ತಿದ್ದ. ಒಂದು ದಿನವೂ ಒಳ್ಳೆಯ ಮಾತಾಡಲಿಲ್ಲ.

"ಏಡಿ ಹೇಗಿದ್ವು?" ಎಂದು ಲಿಹಿಯಾ ಒಮ್ಮೆ ಬೇಕೆಂದೇ ಕೇಳಿದಳು.

"ಏಡಿ ಏಡಿ ಥರ ಇದ್ವು," ಎಂದ.

ಅಕ್ಟೋಬರಿನ ಮೊದಲ ವಾರ ಬಿರುಗಾಳಿಯ ಸುದ್ದಿ ಬಂತು. ಗುರುವಾರ ಮಧ್ಯಾಹ್ನ ಹೊತ್ತಿಗೆ ಅದು ಇತ್ತಲೇ ತಿರುಗಿದೆ, ಶನಿವಾರ ಬಡಿಯುತ್ತದೆ, ಶುಕ್ರವಾರ ಸಂಜೆಯೊಳಗೆ ಊರು ಖಾಲಿ ಮಾಡಬೇಕು ಎಂದು ಧ್ವನಿವರ್ಧಕದಲ್ಲಿ ಸಾರಿಕೊಂಡು ಹೋದರು. ಊಟಕ್ಕೆ ಕೂತಿದ್ದ ಎವೆಲಿಯೊ ತಟ್ಟೆಯಲ್ಲಿ ಬೆರಳಾಡಿಸುತ್ತ ಇದ್ದುಬಿಟ್ಟ. ಮೀನು ಆರಿತು.

"ದೋಣಿ ಬಂದರಿನೊಳಗೆ ಇಡ್ತೀಯಲ್ಲ?" ಎಂದಳು ತಾಯಿ.

"ಅದರ ಬಾಯಿಗೆ ಮರಳು ತುಂಬಿದೆ. ನುಗ್ಗಿಸಬಹುದು. ಆದ್ರೆ ಒಳಗೆ ಈಗಾಗಲೇ ಎಂಬತ್ತು ದೋಣಿ ಒತ್ಕೊಂಡು ನಿಂತಿವೆ. ಸುತ್ತ ಕಾಂಕ್ರೀಟು. ಗಾಳಿಗೆ ಒಂದಕ್ಕೊಂದು ಗುದ್ದಿ ಪುಡಿಪುಡಿ." ಆಮೇಲೆ, ಹೆಂಡತಿಯ ಮುಖ ನೋಡದೆ, "ನಿಮ್ಮ ಕಾಲುವೆ ಆಳ ಎಷ್ಟಿದೆ?" ಎಂದ.

ಲಿಹಿಯಾಳ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ಏಳು ವರ್ಷದಲ್ಲಿ ಗಂಡ ಕಾಲುವೆಯ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು.

"ಎದೆಮಟ್ಟ. ಆದ್ರೆ ಒಳಗೆ ದೋಣಿ ಬಿಡಲ್ಲ."

"ಬಿಡಲ್ಲ ಅಂದ್ರೆ?"

"ನಾವು ಹನ್ನೆರಡೂ ಜನ ಮಾತು ಕೊಟ್ಕೊಂಡಿದ್ದೀವಿ. ಮರಕ್ಕೆ ಹತ್ತು ವರ್ಷ ಆಗೋವರೆಗೆ ಒಂದು ದೋಣೀನೂ ಒಳಗೆ ಬರ್ಬಾರ್ದು ಅಂತ. ಹಗ್ಗ ಉಜ್ಜಿದ್ರೆ ತೊಗಟೆ ಕಿತ್ತು ಬರುತ್ತೆ. ದಿಬ್ಬದ ಮೇಲೆ ದೋಣಿ ಹತ್ತಿದ್ರೆ ಸಸಿಗಳ ಕಥೆ ಮುಗೀತು."

"ನನ್ನ ದೋಣಿಗಿಂತ ನಿನ್ನ ಗಿಡ ಹೆಚ್ಚಾಯ್ತಾ?"

"ನಾನು ಹಾಗಂದ್ನಾ?"

"ಮತ್ತಿನ್ನೇನಂದೆ? ದೋಣಿ ಹೋದ್ರೆ ನಾನೂ ಅಪ್ಪನ ಥರ ಕಂಡೋರ ದೋಣೀಲಿ ಕೂಲಿಗೆ ಕೂರ್ಬೇಕು. ಸೀಸನ್ನು ಮುಗಿಯೋಕೆ ಇನ್ನೂ ಎರಡು ತಿಂಗಳಿದೆ."

"ಹಿನ್ನೀರಿಗೆ ಒಯ್ದರೆ ನಾನು ಈ ಮನೇಲಿರಲ್ಲ," ಎಂದು ಮುದುಕಿ ಎದ್ದು ನಿಂತಳು. "ಒಂದು ದೋಣಿ ನುಂಗಿದ್ದು ಸಾಲ್ದಾ ಅದಕ್ಕೆ? ಮಗಾ, ನಿನ್ನಪ್ಪ ಮಾಡಿದ್ದೇ ಮಾಡ್ತೀಯಾ?"

"ಮಾವ ಕಟ್ಟಿದ್ದು ಸತ್ತ ಮರಕ್ಕೆ ಅತ್ತೆ," ಎಂದಳು ಲಿಹಿಯಾ. "ರಸ್ತೆ ಬಂದು ಆಗ್ಲೇ ಆರು ವರ್ಷ ಆಗಿತ್ತು. ಅಲ್ಲಿ ಜೀವ ಇರೋ ಮರ ಒಂದೂ ಇರ್ಲಿಲ್ಲ."

"ಮರ ನಿಂತಿತ್ತು. ಗಾಳಿಗೆ ಮುಂಚೆ ನಾನು ಕಣ್ಣಾರೆ ನೋಡಿದ್ದೀನಿ. ಕಲ್ಲುಕಂಬದ ಥರ ನಿಂತಿತ್ತು. ಬಿಚ್ಕೊಂಡಿದ್ದು ಗಂಟು."

ಊಟ ಅಲ್ಲಿಗೇ ನಿಂತಿತು. ಲಿಹಿಯಾ ತಟ್ಟೆಗಳನ್ನು ಎತ್ತಿಟ್ಟು ಬಾಲ್ಬಿನಾಳ ಮನೆಗೆ ಹೊರಟಳು. ದಾರಿಯುದ್ದಕ್ಕೂ ಅವಳಿಗೆ ಒಂದೇ ಹೆದರಿಕೆ. ಮೊದಲ ವರ್ಷ ನೆಟ್ಟ ಮರಗಳು ಈಗ ಮನೆಯಷ್ಟೆತ್ತರ, ತೋಳುದಪ್ಪ. ಅವು ಒಂದು ದೋಣಿಯ ಭಾರ ತಡೆದಾವೇ? ತಡೆಯದೆ ಹೋದರೆ ದೋಣಿಯೂ ಹೋಗುತ್ತದೆ, ಮರವೂ ಹೋಗುತ್ತದೆ, ಆಮೇಲೆ ಆ ಮನೆಯಲ್ಲಿ ತನ್ನನ್ನು ಯಾರು ಮಾತಾಡಿಸುತ್ತಾರೆ? ಬೇಡ ಎಂದುಬಿಡುವುದು ಸುಲಭ. ದೋಣಿ ಬಂದರಿನಲ್ಲಿ ಒಡೆದರೆ ಅದು ಗಾಳಿಯ ತಪ್ಪು, ಅವಳದಲ್ಲ. ಅಷ್ಟು ದೂರ ಯೋಚಿಸಿ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಗುಂಪಿನ ಹಿರಿಯಳಾದ ಬಾಲ್ಬಿನಾ ಕಿಟಕಿಗೆ ಹಲಗೆ ಬಡಿಯುತ್ತಿದ್ದಳು. ಬಾಯಲ್ಲಿ ಮೂರು ಮೊಳೆ ಕಚ್ಚಿಕೊಂಡೇ ಎಲ್ಲ ಕೇಳಿಸಿಕೊಂಡಳು.

"ನಿನ್ನ ಗಂಡನ ದೋಣಿ ಒಂದಕ್ಕೆ ಕೇಳ್ತಿದ್ದೀಯೋ, ಊರಿಗೆಲ್ಲಾನೋ?"

"ಅವನೊಬ್ಬನಿಗೆ ಬಿಟ್ಟು ಬೇರೆಯವರಿಗೆ ಇಲ್ಲ ಅನ್ನೋಕಾಗುತ್ತಾ?"

"ಆಗಲ್ಲ. ಅದಕ್ಕೇ ಕೇಳಿದ್ದು." ಬಾಲ್ಬಿನಾ ಮೊಳೆಗಳನ್ನು ಅಂಗೈಗೆ ಉಗುಳಿದಳು. "ನಮ್ಮನ್ನ ಕೆಸರು ಕೋಳಿಗಳು ಅಂತಾರೆ ಈ ಗಂಡಸರು. ಏಳು ವರ್ಷದಿಂದ ಅಂತಾರೆ. ಈಗ ಬೇಕಾಯ್ತು ನೋಡು ಕೋಳಿಗೂಡು."

"ಬೇಡ ಅಂದ್ರೆ ಬೇಡ ಅಂತ ಹೇಳಿಬಿಡು ಬಾಲ್ಬಿನಾ. ನನಗೂ ನಿರಾಳ."

"ನಿರಾಳ ಎಲ್ಲಿಂದ ಬರುತ್ತೆ? ಮರ ಬೆಳೆಸಿದ್ದು ಯಾತಕ್ಕೆ, ಫೋಟೋ ತೆಗೆಸೋಕಾ?" ಅವಳು ಒಂದು ಮೊಳೆಯನ್ನು ಹಲಗೆಗೆ ಹೊಡೆದಳು. "ಮೊದಲ ವರ್ಷದ ಮರಗಳ ಕಡೆ ಮಾತ್ರ. ಒಂದು ದೋಣಿಗೆ ಹನ್ನೆರಡು ಮರ, ಒಂದೇ ಮರಕ್ಕೆ ಭಾರ ಬೀಳ್ಬಾರ್ದು. ಹಗ್ಗ ಮರಕ್ಕೆ ತಾಗೋ ಕಡೆ ರಬ್ಬರು ಸುತ್ಬೇಕು. ಕಟ್ಟೋದು ನಾವು ತೋರ್ಸಿದ ಮರಕ್ಕೇ. ಒಪ್ಪಿದ್ರೆ ಬರ್ಲಿ, ಇಲ್ದಿದ್ರೆ ಬಂದರಿಗೆ ಹೋಗ್ಲಿ."

ಶುಕ್ರವಾರ ಬೆಳಿಗ್ಗೆ ಹದಿಮೂರು ದೋಣಿ ಬಂದವು. ಊರಿನಲ್ಲಿ ರಬ್ಬರಿಗೆ ಬರ ಬಂತು. ಹಳೆಯ ಚಪ್ಪಲಿ, ಟೈರು, ತೋಟದ ಪೈಪು, ಸಿಕ್ಕಿದ್ದನ್ನೆಲ್ಲ ಕೊಯ್ದು ತಂದರು. ಎವೆಲಿಯೊಗೆ ಇನ್ನೂ ನಾಲ್ಕು ಮರಕ್ಕೆ ಕಡಿಮೆ ಬಿತ್ತು. ಮನೆಗೆ ಬಂದವನೇ ಗೋಡೆಗೆ ಒರಗಿಸಿದ್ದ ತಾಯಿಯ ಮೂರು ಚಕ್ರದ ಸೈಕಲ್ಲಿನ ಬಳಿ ಕೂತು ಹಿಂದಿನ ಚಕ್ರ ಬಿಚ್ಚತೊಡಗಿದ.

"ಏನ್ ಮಾಡ್ತಿದ್ದೀಯ?"

"ಟ್ಯೂಬು ಬೇಕು ಅಮ್ಮ. ಹಗ್ಗಕ್ಕೆ ಸುತ್ತೋಕೆ."

ಮುದುಕಿಯ ಬಾಯಿ ತೆರೆದದ್ದು ತೆರೆದೇ ಇತ್ತು.

"ಅದೇ ಮಾತು," ಎಂದಳು. "ಅದೇ ಸುಳ್ಳು, ಅದೇ ಮಾತು."

"ನಾನು ಕುಡಿದಿಲ್ಲ ಅಮ್ಮ. ಬೇಕಾದ್ರೆ ಬಾಯಿ ಮೂಸಿ ನೋಡು."

ಅವಳು ಮೂಸಲಿಲ್ಲ, ತಡೆಯಲೂ ಇಲ್ಲ. ಒಳಗೆ ಹೋಗಿ ತನ್ನ ಬಟ್ಟೆಯ ಗಂಟು ಕಟ್ಟತೊಡಗಿದಳು.

ದೋಣಿ ಕಟ್ಟುವಾಗ ಲಿಹಿಯಾ ಎದೆಮಟ್ಟದ ನೀರಿನಲ್ಲಿ ನಿಂತು ಒಂದೊಂದೇ ಮರ ತೋರಿಸಿದಳು. "ಇದಕ್ಕೆ ಬೇಡ, ಇದು ಮೂರು ವರ್ಷದ್ದು. ಅದಕ್ಕೆ ಹಾಕು. ಇನ್ನೂ ಕೆಳಗೆ, ಬೇರಿನ ಹತ್ರ. ನೀರು ಏರುತ್ತೆ, ಹಗ್ಗ ಉದ್ದ ಬಿಡು." ಜೀವಮಾನವೆಲ್ಲ ದೋಣಿ ಕಟ್ಟಿದ ಗಂಡಸು ಹೆಂಡತಿ ಹೇಳಿದಲ್ಲಿ ಕಟ್ಟಿದ. ಕಟ್ಟಿ ಮುಗಿಸಿ, ರೂಢಿಯಂತೆ ಹಿಂದಿರುಗಿ ಹನ್ನೆರಡು ಗಂಟುಗಳನ್ನೂ ಎಳೆದು ನೋಡಿದ. ಎರಡನೆಯ ಸಲ ನೋಡಲು ಹೋದವನನ್ನು ಅವಳು ತೋಳು ಹಿಡಿದು ತಡೆದಳು.

"ಸಾಕು ಬಾ. ಬಸ್ಸು ಹೋಗುತ್ತೆ."

ಒಳನಾಡಿನ ಒಂದು ಶಾಲೆಯಲ್ಲಿ ಎರಡು ದಿನ ಇದ್ದರು. ಒಂದು ಕೋಣೆಗೆ ಏಳು ಸಂಸಾರ. ಶನಿವಾರ ಇಡೀ ದಿನ ಗಾಳಿ ಊಳಿಟ್ಟಿತು. ಡಬ್ಬಿಯ ಮೀನು, ಉಪ್ಪು ಬಿಸ್ಕತ್ತು ಹಂಚಿದರು. ಎವೆಲಿಯೊ ಗೋಡೆಗೊರಗಿ ಕೂತವನು ಏಳಲೇ ಇಲ್ಲ. ಮುದುಕಿ ಜಪಮಾಲೆ ತಿರುಗಿಸುತ್ತ ನಡುನಡುವೆ ನಿಲ್ಲಿಸಿ ಸೊಸೆಯನ್ನು ದಿಟ್ಟಿಸುವಳು.

"ಹೋಗಿದ್ರೆ?" ಎಂದಳು ಒಮ್ಮೆ.

"ಹೋಗಿದ್ರೆ ಹೋಗಿರುತ್ತೆ ಅತ್ತೆ. ನನ್ನನ್ನ ಬೈಕೊಳ್ಳಿ. ಅಭ್ಯಾಸ ಇದೆ ನಿಮಗೆ."

ಮುದುಕಿ ಮತ್ತೆ ಜಪಮಾಲೆ ಹಿಡಿದಳು. ಲಿಹಿಯಾಳಿಗೆ ಆ ಮಾತು ಬೇಕಿರಲಿಲ್ಲ ಅನ್ನಿಸಿತು. ಕ್ಷಮಿಸಿ ಎನ್ನುವಷ್ಟು ಶಕ್ತಿ ಮಾತ್ರ ಬರಲಿಲ್ಲ. ನೆಲ್ಮಿ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು.

ಸೋಮವಾರ ಊರಿಗೆ ಬಂದಾಗ ಅಡಿಗೆಮನೆಯ ತಗಡು ಇರಲಿಲ್ಲ, ಒಲೆಯ ತುಂಬ ಮರಳು. ಬಂದರಿನಲ್ಲಿ ದೋಣಿಗಳು ಒಂದರ ಮೇಲೊಂದು ಪೇರಿಕೊಂಡಿದ್ದವು. ಗಂಡಸರು ಸುತ್ತ ನಿಂತು ತಮ್ಮದು ಯಾವುದು ಎಂದು ಬಣ್ಣ ನೋಡಿ ಹುಡುಕುತ್ತಿದ್ದರು. ಎವೆಲಿಯೊ ಅಲ್ಲಿ ನಿಲ್ಲಲೇ ಇಲ್ಲ. ಹಿನ್ನೀರಿನ ಕಡೆ ಓಡಿದ. ಲಿಹಿಯಾ ಹಿಂದೆ ಹಿಂದೆ ನಡೆದಳು, ಓಡಲು ಅವಳಿಗೆ ಭಯ.

ಹೊರಗಿನ ಸಾಲಿನ ಮರಗಳಲ್ಲಿ ಒಂದೆಲೆಯೂ ಇರಲಿಲ್ಲ. ಕೊಂಬೆಗಳು ಮುರಿದು ನೇತಾಡುತ್ತಿದ್ದವು. ಕಳೆದ ಮೂರು ವರ್ಷದ ದಿಬ್ಬಗಳನ್ನು ಅಲೆ ಸಪಾಟು ಮಾಡಿತ್ತು, ಸಸಿಗಳಿದ್ದ ಗುರುತೇ ಇಲ್ಲ. ಅದರ ಹಿಂದೆ ಮೊದಲ ವರ್ಷದ ಮರಗಳು ಬಾಗಿ, ಸುಲಿದು, ನಿಂತೇ ಇದ್ದವು. ಅವುಗಳ ನಡುವೆ, ಎಲೆಕಸ ಮಳೆನೀರು ತುಂಬಿಕೊಂಡು, ಎವೆಲಿಯೊ ಮಗಳ ಹೆಸರಿಟ್ಟಿದ್ದ ದೋಣಿ 'ನೆಲ್ಮಿ' ತೇಲುತ್ತಿತ್ತು. ಹದಿಮೂರರಲ್ಲಿ ಒಂದು ದೋಣಿ ಮುಳುಗಿತ್ತು, ಅದೂ ಮೇಲೆತ್ತಬಹುದಾದ್ದೇ. ಇನ್ನೂ ಒಳಗೆ, ಮರಗಳ ಮರೆಯಲ್ಲಿ, ರೆಕ್ಕೆಗೆಲ್ಲ ಕೆಸರು ಹತ್ತಿಸಿಕೊಂಡ ರಾಜಹಂಸಗಳ ಒಂದು ಹಿಂಡು ಮುದುಡಿ ನಿಂತಿತ್ತು. ಅವುಗಳಿಗೂ ಹೋಗಲು ಬೇರೆ ಜಾಗ ಇರಲಿಲ್ಲ ಎಂದು ಕಾಣುತ್ತದೆ.

ಎವೆಲಿಯೊ ದೋಣಿಯ ಅಂಚು ಹಿಡಿದು ನೀರಿನಲ್ಲೇ ಅತ್ತ. ಲಿಹಿಯಾಳಿಗೂ ಅಳು ಬಂತು, ದೋಣಿಗೆ ಅರ್ಧ, ಹೋದ ದಿಬ್ಬಗಳಿಗೆ ಅರ್ಧ.

"ಮೂರು ವರ್ಷದ್ದು ಹೋಯ್ತು," ಎಂದಳು.

"ಹೌದಲ್ಲ," ಎಂದ ಅವನು. ಸ್ವಲ್ಪ ಹೊತ್ತಿನ ಮೇಲೆ, "ಎಲ್ಲಿಂದ ಶುರು ಮಾಡ್ತೀರಿ?" ಎಂದ.

ಮನೆಯಲ್ಲಿ ಮುದುಕಿ ಮರಳು ಗುಡಿಸುತ್ತಿದ್ದಳು. ದೋಣಿ ಉಳಿಯಿತು ಎಂದು ಮಗ ಹೇಳಿದಾಗ ಶಿಲುಬೆಯ ಗುರುತು ಮಾಡಿಕೊಂಡಳು. "ನೀನು ಗಟ್ಟಿಯಾಗಿ ಕಟ್ಟಿದ್ದೆ. ನಿನ್ನಪ್ಪನೂ ಹಾಗೆ ಕಟ್ಟಿದ್ರೆ..." ಎಂದು ಅರ್ಧಕ್ಕೇ ಬಿಟ್ಟಳು. ಲಿಹಿಯಾ ಪೊರಕೆ ತೆಗೆದುಕೊಂಡಳು.

ಹೆಂಗಸರು ಮತ್ತೆ ಕೆಸರಿಗಿಳಿದರು. ಈಗ ಹನ್ನೆರಡೂ ಜನ ಬಂದಿದ್ದರು, ಮೂವರು ಗಂಡಸರೂ ಸೇರಿಕೊಂಡಿದ್ದರು. ಕಾಲುವೆಯ ಬಾಯಿಗೆ ಗಾಳಿ ತಂದು ತುರುಕಿದ ದಿಮ್ಮಿ, ಬಲೆ, ತಗಡುಗಳನ್ನು ಎಳೆದು ಹಾಕುವುದೇ ಎರಡು ವಾರದ ಕೆಲಸವಾಯಿತು. ಹಬ್ಬಕ್ಕೆ ನಾಲ್ಕು ದಿನ ಇರುವಾಗ, ಅಲೆ ಕೊರೆದು ಆಳವಾಗಿದ್ದ ಒಂದು ಕಡೆ ಲಿಹಿಯಾಳ ಗುದ್ದಲಿ ಕಬ್ಬಿಣಕ್ಕೆ ತಾಗಿತು.

ಕೈಯಿಂದ ಬಗೆದಳು. ದೋಣಿಯ ಮೂತಿಗೆ ಹಾಕುವ ದಪ್ಪ ಬಳೆ. ಬಳೆಗೆ ಅಂಟಿಕೊಂಡು ಒಡೆದ ಹಲಗೆಯ ಒಂದು ತುಂಡು, ಅದರ ಮೇಲೆ ನೀಲಿ ಬಣ್ಣದ ಚಕ್ಕೆ. ಬಳೆಯಿಂದ ಹೊರಟ ನೈಲಾನ್ ಹಗ್ಗ ಕೆಸರಿನೊಳಗೆ ಹೋಗಿತ್ತು. ಎಳೆದರೆ ಬರಲಿಲ್ಲ. ಬಾಲ್ಬಿನಾಳನ್ನು ಕೂಗಿದಳು. ಇಬ್ಬರೂ ಸೇರಿ ಒಂದು ಗಂಟೆ ಬಗೆದು ಹೊರತೆಗೆದದ್ದು ಕಾಂಡ್ಲಾ ಮರದ ಕರಿಯ ದಿಮ್ಮಿ, ಬುಡಕ್ಕೇ ಮುರಿದದ್ದು. ಮುರಿದ ಜಾಗದಲ್ಲಿ ಒಳಗೆಲ್ಲ ಪೊಳ್ಳು. ದಿಮ್ಮಿಯ ನಡುವಿಗೆ ಹಗ್ಗದ ಗಂಟು ಹಾಕಿದ ಹಾಗೇ ಇತ್ತು. ಗಂಟಿನ ಕೆಳಗೆ ಕರಿ ರಬ್ಬರು, ಸುತ್ತು ಸುತ್ತಾಗಿ, ಒಂದರ ಮೇಲೊಂದು ಏರದಂತೆ ಒಪ್ಪವಾಗಿ ಸುತ್ತಿತ್ತು.

ಬಾಲ್ಬಿನಾ ಹಣೆ ಒರೆಸಿಕೊಂಡಳು. "ಯಾರದ್ದು ಇದು?"

ಲಿಹಿಯಾ ರಬ್ಬರಿನ ಮೇಲಿನ ಕೆಸರು ಒರೆಸಿದಳು. "ನಮ್ಮ ಮಾವಂದು," ಎಂದಳು.

ದಿಮ್ಮಿಯನ್ನು ಅತ್ತೆಯ ಸೈಕಲ್ಲಿನ ಮೇಲೇ ಹೇರಿಕೊಂಡು ಬಂದಳು. ಎವೆಲಿಯೊ ಹೊಸ ಟ್ಯೂಬು ಹಾಕಿಸಿದ್ದ. ಅಂಗಳದಲ್ಲಿ ಮುದುಕಿ ಜೋಳ ನೆನೆಹಾಕುತ್ತಿದ್ದಳು, ನೆಲ್ಮಿ ಪಕ್ಕದಲ್ಲಿ ಕೂತು ಬಾಳೆಲೆ ಒರೆಸುತ್ತಿದ್ದಳು.

"ಆ ಕೊಳಕು ಕಟ್ಟಿಗೆ ಯಾಕೆ ತಂದೆ? ಅದು ಉರಿಯಲ್ಲ."

"ಉರಿಸೋಕಲ್ಲ ಅತ್ತೆ. ಒಮ್ಮೆ ನೋಡಿ."

ಕ್ರಿಸ್ಪಿನಾ ಸೆರಗಿನಂಥ ಶಾಲಿಗೆ ಕೈ ಒರೆಸಿಕೊಂಡು ಬಂದಳು. ಬಳೆ ನೋಡಿದಳು. ಹಲಗೆಯ ನೀಲಿಯನ್ನು ಉಗುರಿನಿಂದ ಕೆರೆದಳು. ಆಮೇಲೆ ಬಗ್ಗಿ ರಬ್ಬರನ್ನು ಬೆರಳಿನಿಂದ ಸವರುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು. ಅಲ್ಲಿ ಚೌಕಾಕಾರದ ತೇಪೆ ಇತ್ತು, ಪಂಕ್ಚರಿಗೆ ಹಾಕಿದ್ದು, ಒಂದು ಮೂಲೆ ಸೊಟ್ಟ.

"ಇದು ನಾನು ಹಾಕಿದ್ದು," ಎಂದಳು. "ಅಂಗಡಿಯವನು ದುಡ್ಡು ಜಾಸ್ತಿ ಕೇಳ್ದ ಅಂತ ನಾನೇ ಹಾಕಿದ್ದೆ. ಸೊಟ್ಟ ಆಯ್ತು."

ಮುದುಕಿ ಗಂಟಿಗೆ ಬೆರಳು ಹಾಕಿ ಎಳೆದಳು. ಬಿಚ್ಚಲು ನೋಡಿದಳು. ಎರಡೂ ಕೈ ಹಾಕಿದಳು, ಹಲ್ಲು ಕಚ್ಚಿದಳು. ಗಂಟು ಕೂದಲೆಳೆಯಷ್ಟೂ ಸಡಿಲವಾಗಲಿಲ್ಲ.

"ಬಿಡಿ ಅಜ್ಜಿ, ಉಗುರು ಕಿತ್ತು ಬರುತ್ತೆ," ಎಂದಳು ನೆಲ್ಮಿ.

"ಮರ ಸತ್ತಿತ್ತು ಅತ್ತೆ," ಎಂದಳು ಲಿಹಿಯಾ ಮೆಲ್ಲಗೆ. "ನೋಡಿ, ಒಳಗೆಲ್ಲ ಪೊಳ್ಳು. ನಿಂತಿದೆಯಲ್ಲ, ಅಪ್ಪ ದೋಣಿ ಕಟ್ತಿದ್ದ ಮರ ಅಲ್ವಾ ಅಂತ ಮಾವ ನಂಬಿದ್ರು. ಅವರ ಕೈಯಲ್ಲಿ ತಪ್ಪಿರ್ಲಿಲ್ಲ."

ಕ್ರಿಸ್ಪಿನಾ ದಿಮ್ಮಿಯ ಪಕ್ಕ ನೆಲದ ಮೇಲೇ ಕೂತಳು. ಬಿಳಿ ಲಂಗಕ್ಕೆಲ್ಲ ಆ ಕೊಳೆತ ಕೆಸರು ಹತ್ತಿತು. ಅವಳು ನೋಡಲಿಲ್ಲ. ಎವೆಲಿಯೊ ಸಮುದ್ರದಿಂದ ಬರುವವರೆಗೂ ಹಾಗೇ ಕೂತಿದ್ದಳು. ಮಗ ಬಂದು ನಿಂತ, ನೋಡಿದ, ಅವನಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ. ಗಂಟನ್ನು ಒಮ್ಮೆ ಮುಟ್ಟಿ, ಟೋಪಿ ತೆಗೆದು, ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದುಕೊಂಡ.

ಹಬ್ಬದ ದಿನ ಬೆಳಿಗ್ಗೆ ಕಡುಬು ಹೂತು ಬೇಯಿಸಲು ಗುಂಡಿ ತೋಡಿದರೆ ನೀರು ಉಕ್ಕಿತು, ಎತ್ತರದ ಕಡೆ ಇನ್ನೊಂದು ತೋಡಬೇಕಾಯಿತು. ಲಿಹಿಯಾ ಕಾಲುವೆಗೆ ಹೊರಟವಳು ಗುದ್ದಲಿ ಹಿಡಿದು ಹಿಂದೆ ಬಂದಳು.

"ಗುಂಡಿ ಎವೆಲಿಯೊ ತೋಡ್ತಾನೆ. ನೀನು ಹೋಗು," ಎಂದಳು ಅತ್ತೆ. "ಹನ್ನೆರಡಕ್ಕೆ ಬಾ, ಪೀಠದ ಹೊತ್ತಿಗೆ. ಒಲೆ ನಾನು ನೋಡ್ಕೋತೀನಿ."

"ಸೀಯಲ್ವಾ?" ಎಂದಳು ಲಿಹಿಯಾ.

"ಹೋಗೇ ಸುಮ್ನೆ," ಎಂದಳು ಮುದುಕಿ.

ಹನ್ನೆರಡಕ್ಕೆ ಬಂದಾಗ ಪೀಠ ಸಿದ್ಧವಾಗಿತ್ತು. ಹಸಿರು ಶಿಲುಬೆ, ಮೇಣದ ಬತ್ತಿ, ತಿಬುರ್ಸಿಯೊನ ಫೋಟೋ, ಬಾಳೆಲೆಯಲ್ಲಿ ಹಬೆಯಾಡುವ ಕಡುಬು. ಲಿಹಿಯಾ ಕಾಲು ತೊಳೆದು ಬಂದು ಮಗಳ ಪಕ್ಕ ನಿಂತಳು. ಎವೆಲಿಯೊ ಈ ವರ್ಷ ಏನೂ ಕೇಳಲಿಲ್ಲ. ಕೈಕಟ್ಟಿ ನೆಲ ನೋಡುತ್ತಿದ್ದ.

ಕ್ರಿಸ್ಪಿನಾ ಶಾಲಿನ ಒಳಗಿಂದ ಒಂದು ಕಾಲುಬಾಟಲಿ ತೆಗೆದಳು. ಹೋಗಿ ತಂದವಳು ಅವಳೇ, ಆ ವಯಸ್ಸಿನಲ್ಲಿ, ಊರಿನ ನಡುವಿನ ಸಾರಾಯಿ ಅಂಗಡಿಗೆ. ಲೋಟದ ಅಂಚಿನವರೆಗೂ ಬಗ್ಗಿಸಿದಳು, ಸ್ವಲ್ಪ ಚೆಲ್ಲಿತು. ಲೋಟವನ್ನು ಫೋಟೋದ ಮುಂದಿಟ್ಟು, ಕಡುಬಿಗಿಂತ ಹತ್ತಿರಕ್ಕೆ ಸರಿಸಿದಳು. ಪ್ರಾರ್ಥನೆ ಶುರುಮಾಡುತ್ತಾಳೆಂದು ಎಲ್ಲರೂ ತಲೆಬಾಗಿದರು. ಅವಳು ಪ್ರಾರ್ಥನೆ ಮಾಡಲಿಲ್ಲ.

"ಆಮೇಲೂ ನಾಲ್ಕು ವರ್ಷ ನನ್ನ ಜೊತೆ ಇದ್ದೆ," ಎಂದಳು ಫೋಟೋಗೆ. "ದಿನಾ ಮೂರು ಹೊತ್ತು ನನ್ನೆದುರು ಕೂತು ಉಂಡೆ. ಸರಿಯಾಗೇ ಕಟ್ಟಿದ್ದೆ ಕಣೇ ಅಂತ, ಇನ್ನೊಂದೇ ಒಂದು ಸಲ ಹೇಳ್ಬಾರ್ದಿತ್ತಾ?"